ಬೆಟ್ಟದ ಶಿಬಿರಕ್ಕೆ ಬುತ್ತಿ: ಲೆಕ್ಕ ನೀರಿನಿಂದ ಶುರುವಾಗಲಿ

ಮಕ್ಕಳೇ, ನಿಮ್ಮ ಶಾಲೆಯಿಂದ ಒಂದು ರಾತ್ರಿ, ಒಂದು ಹಗಲಿನ ಶಿಬಿರಕ್ಕೆ ಹೋಗುವುದೆಂದು ತೀರ್ಮಾನವಾಗಿದೆ ಎಂದುಕೊಳ್ಳೋಣ. ತಿಂಗಳು ಡಿಸೆಂಬರ್. ಶನಿವಾರ ಸಂಜೆ ಕೋಲಾರದ ಅಂತರಗಂಗೆ ಬೆಟ್ಟದ ತಪ್ಪಲಿನ ಒಂದು ಶಾಲೆಯಲ್ಲಿ ತಂಗುವುದು. ಭಾನುವಾರ ಬೆಳಿಗ್ಗೆ ಬೆಟ್ಟ ಹತ್ತಿ ಬಂಡೆ, ಗುಹೆ, ಗಿಡಮರ, ಹಕ್ಕಿಗಳನ್ನು ನೋಡಿ ಸಂಜೆಗೆ ಊರಿಗೆ ಮರಳುವುದು. ಮುಳಬಾಗಿಲು ತಾಲ್ಲೂಕಿನವರು ಆವಣಿ ಬೆಟ್ಟಕ್ಕೆ ಹೋಗಬಹುದು. ಮಾಲೂರು, ಶ್ರೀನಿವಾಸಪುರದವರು ತಮಗೆ ಹತ್ತಿರವಾದ ಬೆಟ್ಟವನ್ನು ಆರಿಸಿಕೊಳ್ಳಬಹುದು. ಜಾಗ ಯಾವುದಾದರೂ ಲೆಕ್ಕ ಒಂದೇ.

ಶಿಬಿರ ಎಂದ ಕೂಡಲೇ ತರಗತಿಯಲ್ಲಿ ಕೇಳಿಬರುವ ಮೊದಲ ಪ್ರಶ್ನೆ, "ಊಟಕ್ಕೆ ಏನು?" ಒಬ್ಬರು ಚಿತ್ರಾನ್ನ ಎನ್ನುತ್ತಾರೆ, ಇನ್ನೊಬ್ಬರು ದೋಸೆ ಎನ್ನುತ್ತಾರೆ. ಮತ್ತೊಬ್ಬರು ಪಾಯಸವೂ ಇರಲಿ ಎನ್ನುತ್ತಾರೆ. ಆದರೆ ನಮ್ಮ ಜಿಲ್ಲೆಯಲ್ಲಿ ಶಿಬಿರದ ಅಡುಗೆಗೆ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ. "ಎಷ್ಟು ನೀರು ಬೇಕು? ಅದು ಎಲ್ಲಿಂದ ಬರುತ್ತದೆ?" ವರ್ಷವಿಡೀ ಹರಿಯುವ ಹೊಳೆ ನಮ್ಮಲ್ಲಿಲ್ಲ. ಪಾಲಾರ್, ಪಿನಾಕಿನಿ ನದಿಗಳ ಪಾತ್ರಗಳು ವರ್ಷದ ಹೆಚ್ಚು ಕಾಲ ಒಣಗಿರುತ್ತವೆ. ನಾವು ನಂಬಿರುವುದು ಮಳೆ, ಕೆರೆ ಮತ್ತು ಕೊಳವೆ ಬಾವಿಗಳನ್ನು. ಆದ್ದರಿಂದ ನೀರಿನ ಲೆಕ್ಕ ಸರಿಯಾದರೆ ಅಡುಗೆಯ ಪಟ್ಟಿ ತಾನಾಗಿ ಸರಿಯಾಗುತ್ತದೆ. ಹೇಗೆ ಎಂದು ನೋಡೋಣ ಬನ್ನಿ.

ನಮ್ಮ ಪಟ್ಟಿ

ಮೊದಲು ಒಂದು ಪಟ್ಟಿಯನ್ನು ಮುಂದಿಟ್ಟುಕೊಳ್ಳೋಣ. ಇದು 10 ಜನರಿಗೆ ಬೇಕಾಗುವ ಸಾಮಾನು. ನಿಮ್ಮ ತಂಡದಲ್ಲಿ 30 ಜನರಿದ್ದರೆ 3ರಿಂದ ಗುಣಿಸಿ.

ಶನಿವಾರ ಸಂಜೆ: ಕಡಲೆಪುರಿ 300 ಗ್ರಾಂ, ಹುರಿದ ಕಡಲೆಬೀಜ 200 ಗ್ರಾಂ.

ಶನಿವಾರ ರಾತ್ರಿ, ಮುದ್ದೆ ಮತ್ತು ಅವರೆಕಾಳಿನ ಸಾರು: ರಾಗಿ ಹಿಟ್ಟು 1200 ಗ್ರಾಂ, ಸುಲಿದ ಹಸಿ ಅವರೆಕಾಳು 800 ಗ್ರಾಂ, ಟೊಮ್ಯಾಟೊ 500 ಗ್ರಾಂ, ಈರುಳ್ಳಿ 250 ಗ್ರಾಂ, ಎಣ್ಣೆ 75 ಗ್ರಾಂ, ಸಾರಿನ ಪುಡಿ, ಉಪ್ಪು.

ಭಾನುವಾರ ಬೆಳಿಗ್ಗೆ, ಒಗ್ಗರಣೆ ಅವಲಕ್ಕಿ: ಗಟ್ಟಿ ಅವಲಕ್ಕಿ 800 ಗ್ರಾಂ, ಕಡಲೆಬೀಜ 200 ಗ್ರಾಂ, ಈರುಳ್ಳಿ 300 ಗ್ರಾಂ, ಎಣ್ಣೆ 75 ಗ್ರಾಂ, ನಿಂಬೆಹಣ್ಣು 3, ಉಪ್ಪು, ಹಸಿಮೆಣಸಿನಕಾಯಿ.

ಭಾನುವಾರ ಮಧ್ಯಾಹ್ನ, ಬೆಟ್ಟದ ಮೇಲೆ: ರಾಗಿ ಹುರಿಹಿಟ್ಟು 600 ಗ್ರಾಂ, ಬೆಲ್ಲ 400 ಗ್ರಾಂ, ಹುರಿದ ಕಡಲೆಬೀಜ 300 ಗ್ರಾಂ (ಈ ಮೂರನ್ನೂ ಸೇರಿಸಿ ಮನೆಯಲ್ಲೇ ಕಟ್ಟಿಕೊಂಡ ಉಂಡೆಗಳು), ಹುರಿಗಡಲೆ 300 ಗ್ರಾಂ, ಬಾಳೆಹಣ್ಣು 10.

ಉಪ್ಪು, ಖಾರ, ನಿಂಬೆ ಎಲ್ಲ ಸೇರಿದರೆ ಒಟ್ಟು ತೂಕ ಸುಮಾರು 8 ಕೆ.ಜಿ. ಹತ್ತು ಜನರ ಊಟ, ತಿಂಡಿ ಎರಡು ಚೀಲಗಳಲ್ಲಿ ಹಿಡಿಸುತ್ತದೆ.

ನೀರಿನ ಬಜೆಟ್

ಈಗ ಇದೇ 10 ಜನರಿಗೆ ಶನಿವಾರ ಸಂಜೆಯಿಂದ ಭಾನುವಾರ ಸಂಜೆಯವರೆಗೆ ಬೇಕಾಗುವ ನೀರನ್ನು ಬರೆಯೋಣ.

ಕುಡಿಯಲು, ಒಬ್ಬರಿಗೆ 3 ಲೀಟರ್‌ನಂತೆ – 30 ಲೀಟರ್
ಮುದ್ದೆಗೆ – 4 ಲೀಟರ್
ಸಾರಿಗೆ – 3 ಲೀಟರ್
ಅವಲಕ್ಕಿ ತೊಳೆದು ನೆನೆಸಲು – 2 ಲೀಟರ್
ತರಕಾರಿ, ಕಾಳು ತೊಳೆಯಲು – 3 ಲೀಟರ್
ಕೈ ತೊಳೆಯಲು, ಒಬ್ಬರಿಗೆ ಒಂದೂವರೆ ಲೀಟರ್‌ನಂತೆ – 15 ಲೀಟರ್
ಅಡುಗೆ ಪಾತ್ರೆ ತೊಳೆಯಲು – 10 ಲೀಟರ್
ತಟ್ಟೆ ತೊಳೆಯಲು, ಎರಡು ಹೊತ್ತಿಗೆ – 20 ಲೀಟರ್
ಒಟ್ಟು – 87 ಲೀಟರ್

ಒಂದು ಲೀಟರ್ ನೀರಿನ ತೂಕ 1 ಕೆ.ಜಿ. ಅಂದರೆ 87 ಲೀಟರ್ ನೀರು 87 ಕೆ.ಜಿ. ತೂಗುತ್ತದೆ. ಆಹಾರದ ತೂಕ 8 ಕೆ.ಜಿ. ಮಾತ್ರ. ನೀರು ಆಹಾರಕ್ಕಿಂತ ಸುಮಾರು 11 ಪಟ್ಟು ಭಾರ! ಶಿಬಿರಕ್ಕೆ ಹೊರಟವರು ಹೊರಬೇಕಾದ ನಿಜವಾದ ಹೊರೆ ಯಾವುದು ಎಂದು ಈಗ ತಿಳಿಯಿತಲ್ಲವೇ?

ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಅಡುಗೆಯ ಒಳಗೆ ಸೇರುವ ನೀರು 7 ಲೀಟರ್ ಮಾತ್ರ. ತೊಳೆಯುವುದಕ್ಕೆ ಹೋಗುವ ನೀರು 50 ಲೀಟರ್. ಆದ್ದರಿಂದ ನೀರು ಉಳಿಸಬೇಕಾದರೆ ಸಾರನ್ನು ಗಟ್ಟಿ ಮಾಡುವುದರಿಂದ ಪ್ರಯೋಜನವಿಲ್ಲ. ಪಾತ್ರೆಗಳನ್ನು ಕಡಿಮೆ ಮಾಡಬೇಕು. ಮುತ್ತುಗದ ಎಲೆಯಲ್ಲಿ ಊಟ ಮಾಡಿದರೆ ತಟ್ಟೆ ತೊಳೆಯುವ 20 ಲೀಟರ್ ಪೂರ್ತಿ ಉಳಿಯುತ್ತದೆ. ಆಗ ಬೇಕಾಗುವುದು 67 ಲೀಟರ್. ಉಂಡ ಎಲೆಗಳನ್ನು ಗೊಬ್ಬರದ ಗುಂಡಿಗೆ ಹಾಕಿದರೆ ಕೊಳೆತು ಮಣ್ಣಿಗೆ ಸೇರುತ್ತವೆ. ಅನ್ನ, ಸಾರು, ಪಲ್ಯ, ಪಾಯಸ ಎಂದು ನಾಲ್ಕು ಅಡುಗೆ ಮಾಡಿದರೆ ತೊಳೆಯಲು ನಾಲ್ಕು ಪಾತ್ರೆ. ಮುದ್ದೆ, ಸಾರು ಎಂದರೆ ಎರಡೇ ಪಾತ್ರೆ.

ಒಂದು ಎಚ್ಚರಿಕೆ. ಕೈ ತೊಳೆಯುವ ನೀರಿನಲ್ಲಿ ಮಾತ್ರ ಉಳಿತಾಯ ಮಾಡಬೇಡಿ. ಶೌಚದ ನಂತರ, ಅಡುಗೆಗೆ ಮೊದಲು, ಊಟಕ್ಕೆ ಮೊದಲು ಸೋಪು ಹಚ್ಚಿ ಕೈ ತೊಳೆಯಲೇಬೇಕು. ಶಿಬಿರಗಳಲ್ಲಿ ವಾಂತಿ ಭೇದಿ ಹರಡಲು ಕೊಳಕು ಕೈಗಳು ಒಂದು ಮುಖ್ಯ ಕಾರಣ.

ಯಾವ ನೀರು?

ನೀರಿನ ಪ್ರಮಾಣ ಗೊತ್ತಾಯಿತು. ಈಗ ಗುಣದ ಮಾತು. ಅಂತರಗಂಗೆಯಲ್ಲಿ ಕಲ್ಲಿನ ಬಸವನ ಬಾಯಿಂದ ವರ್ಷವಿಡೀ ನೀರು ಬರುವುದನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ಬೆಟ್ಟದ ಮೇಲೆ ಬಿದ್ದ ಮಳೆನೀರು ಬಂಡೆಗಳ ಬಿರುಕುಗಳಲ್ಲಿ ಇಳಿದು, ಮೆಲ್ಲಗೆ ಹರಿದು ಕೆಳಗೆ ಚಿಮ್ಮಿದರೆ ಅದೇ ಒರತೆ. ನೀರು ತಿಳಿಯಾಗಿದ್ದರೆ ಶುದ್ಧ ಎಂದು ನಾವು ನಂಬುತ್ತೇವೆ. ಆದರೆ ಸೂಕ್ಷ್ಮಜೀವಿಗಳು ಕಣ್ಣಿಗೆ ಕಾಣುವುದಿಲ್ಲ. ಒರತೆಯ ನೀರನ್ನಾಗಲಿ ತೆರೆದ ಬಾವಿಯ ನೀರನ್ನಾಗಲಿ ಕುದಿಸದೆ ಕುಡಿಯಬಾರದು. ನೀರು ಮೇಲಕ್ಕೆ ಕೆಳಕ್ಕೆ ಉಕ್ಕಿ ಕುದಿಯತೊಡಗಿದ ಮೇಲೆ ಒಂದು ನಿಮಿಷ ಹಾಗೇ ಕುದಿಸಿದರೆ ರೋಗಾಣುಗಳು ಸಾಯುತ್ತವೆ.

ಕೆರೆಯ ನೀರು? 2018ರಿಂದ ಕೆ.ಸಿ. ವ್ಯಾಲಿ ಯೋಜನೆಯ ಮೂಲಕ ಬೆಂಗಳೂರಿನಲ್ಲಿ ಸಂಸ್ಕರಿಸಿದ ಕೊಳಚೆ ನೀರು ನಮ್ಮ ಜಿಲ್ಲೆಯ ಹಲವು ಕೆರೆಗಳಿಗೆ ಬರುತ್ತಿದೆ. ಕೆರೆ ತುಂಬಿ ಅಂತರ್ಜಲ ಹೆಚ್ಚಲಿ ಎಂಬುದು ಅದರ ಉದ್ದೇಶ. ಅದು ಕುಡಿಯಲು ಅಥವಾ ಅಡುಗೆಗೆ ಬಳಸುವ ನೀರಲ್ಲ. ಕೆರೆ ಎಷ್ಟೇ ತುಂಬಿ ಚೆನ್ನಾಗಿ ಕಂಡರೂ ಅಲ್ಲಿಂದ ಅಡುಗೆಗೆ ನೀರು ತರಬೇಡಿ.

ಇನ್ನು ಕೊಳವೆ ಬಾವಿ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಅನೇಕ ಹಳ್ಳಿಗಳ ಕೊಳವೆ ಬಾವಿಗಳಲ್ಲಿ ಫ್ಲೋರೈಡ್ ಎಂಬ ಲವಣಾಂಶ ಹೆಚ್ಚಾಗಿದೆ. ಇದು ನೆಲದೊಳಗಿನ ಶಿಲೆಗಳಿಂದ ಕರಗಿ ನೀರಿಗೆ ಸೇರುತ್ತದೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನ ಒಂದು ಲೀಟರ್‌ನಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ಮೀರಬಾರದು. ಬೇರೆ ನೀರು ಸಿಗದೇ ಇದ್ದಾಗ ಹೆಚ್ಚೆಂದರೆ ಒಂದೂವರೆ ಮಿಲಿಗ್ರಾಂ. ಇದಕ್ಕಿಂತ ಹೆಚ್ಚು ಫ್ಲೋರೈಡ್ ಇರುವ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲುಗಳ ಮೇಲೆ ಕಂದು ಕಲೆಗಳು ಮೂಡುತ್ತವೆ. ಪ್ರಮಾಣ ತೀರಾ ಹೆಚ್ಚಿದ್ದರೆ ಮೂಳೆ, ಕೀಲುಗಳೂ ಬಾಧೆಗೆ ಒಳಗಾಗುತ್ತವೆ.

ಕುದಿಸಿದರೆ ಫ್ಲೋರೈಡ್ ಹೋಗುತ್ತದೆಯೇ? ಇಲ್ಲ. ಒಂದು ಲೆಕ್ಕ ಮಾಡಿ ನೋಡೋಣ. ಲೀಟರಿಗೆ 1.6 ಮಿಲಿಗ್ರಾಂ ಫ್ಲೋರೈಡ್ ಇರುವ 10 ಲೀಟರ್ ನೀರಿದೆ. ಅದರಲ್ಲಿರುವ ಒಟ್ಟು ಫ್ಲೋರೈಡ್ 16 ಮಿಲಿಗ್ರಾಂ. ಕುದಿಸುವಾಗ 2 ಲೀಟರ್ ಆವಿಯಾಗಿ ಹೋಯಿತು. ಆವಿಯಾದದ್ದು ನೀರು ಮಾತ್ರ, ಫ್ಲೋರೈಡ್ ಪಾತ್ರೆಯಲ್ಲೇ ಉಳಿಯಿತು. ಈಗ 8 ಲೀಟರ್ ನೀರಿನಲ್ಲಿ 16 ಮಿಲಿಗ್ರಾಂ. ಅಂದರೆ ಲೀಟರಿಗೆ 2 ಮಿಲಿಗ್ರಾಂ. ಕಡಿಮೆಯಾಗುವ ಬದಲು ಹೆಚ್ಚೇ ಆಯಿತು! ಕುದಿಸುವುದು ರೋಗಾಣುಗಳಿಗೆ ಮದ್ದು, ಫ್ಲೋರೈಡ್‌ಗೆ ಅಲ್ಲ.

ಶಿಬಿರದ ಒಂದು ದಿನದಲ್ಲಿ ಈ ನೀರು ಕುಡಿದರೆ ಹಲ್ಲು ಕೆಡುವುದಿಲ್ಲ, ಹೆದರಬೇಡಿ. ಆದರೆ ಒಳ್ಳೆಯ ಅಭ್ಯಾಸವನ್ನು ಶಿಬಿರದಲ್ಲೂ ಬಿಡಬಾರದು. ಹಳ್ಳಿಗಳಲ್ಲಿರುವ ಶುದ್ಧ ಕುಡಿಯುವ ನೀರಿನ ಘಟಕದಿಂದ 20 ಲೀಟರಿನ ಕ್ಯಾನ್‌ಗಳಲ್ಲಿ ನೀರು ತನ್ನಿ. ಕುಡಿಯುವುದಕ್ಕೆ ಮಾತ್ರವಲ್ಲ, ಅಡುಗೆಗೂ ಅದೇ ನೀರು ಬೇಕು. ಏಕೆಂದರೆ ಮುದ್ದೆಗೆ ಹಾಕಿದ ನೀರು ಮುದ್ದೆಯಲ್ಲೇ ಉಳಿಯುತ್ತದೆ, ಅದರೊಂದಿಗೆ ಫ್ಲೋರೈಡ್ ಕೂಡ. ಕುಡಿಯಲು 30, ಮುದ್ದೆ ಸಾರಿಗೆ 7, ಅವಲಕ್ಕಿಗೆ 2, ತರಕಾರಿ ತೊಳೆಯಲು 3, ಒಟ್ಟು 42 ಲೀಟರ್ ಶುದ್ಧ ನೀರು. ಮೂರು ಕ್ಯಾನ್ ಇದ್ದರೆ ಸಾಕು. ಕೈ ಮತ್ತು ಪಾತ್ರೆ ತೊಳೆಯುವ 25 ಲೀಟರ್ ನೀರನ್ನು ಅಲ್ಲಿನ ಕೊಳಾಯಿಯಿಂದಲೇ ತೆಗೆದುಕೊಳ್ಳಬಹುದು.

ದೋಸೆ ಏಕೆ ಬೇಡ? ಮುದ್ದೆ ಏಕೆ ಬೇಕು?

ಮುಳಬಾಗಿಲು ದೋಸೆಯ ರುಚಿಗೆ ಸಾಟಿಯಿಲ್ಲ. ಹಾಗಿದ್ದರೂ ಶಿಬಿರಕ್ಕೆ ದೋಸೆ ಬೇಡ ಎನ್ನುವುದಕ್ಕೆ ಮೂರು ಕಾರಣಗಳಿವೆ. ರುಬ್ಬಿದ ಹಿಟ್ಟು ದಾರಿಯಲ್ಲೂ ಹುಳಿಯುತ್ತಲೇ ಇರುತ್ತದೆ. ಹುಳಿಯುವಾಗ ಅನಿಲ ಬಿಡುಗಡೆಯಾಗಿ ಹಿಟ್ಟು ಉಬ್ಬಿ ಪಾತ್ರೆಯಿಂದ ಉಕ್ಕುತ್ತದೆ. ಎರಡನೆಯದು ಸಮಯ. ಒಂದು ದೋಸೆಗೆ 3 ನಿಮಿಷ ಎಂದುಕೊಂಡರೆ, 10 ಜನರಿಗೆ ತಲಾ 3 ದೋಸೆ, ಅಂದರೆ 30 ದೋಸೆಗೆ 90 ನಿಮಿಷ. ಮೂರನೆಯದು ಸೌದೆ. ಅಷ್ಟು ಹೊತ್ತೂ ಒಲೆ ಉರಿಯಬೇಕು.

ಮುದ್ದೆ ಹಾಗಲ್ಲ. ಒಂದೇ ಪಾತ್ರೆಯಲ್ಲಿ ನೀರು ಕುದಿಸಿ, ಹಿಟ್ಟು ಹಾಕಿ, ಬೆಂದ ಮೇಲೆ ಮುದ್ದೆ ಕೋಲಿನಿಂದ ತಿರುವಿದರೆ ಹತ್ತು ಜನಕ್ಕೂ ಒಟ್ಟಿಗೆ ಊಟ ಸಿದ್ಧ. ಆಂಧ್ರದ ಗಡಿಯ ಹಳ್ಳಿಗಳಲ್ಲಿ ಇದನ್ನೇ ಸಂಗಟಿ ಎನ್ನುತ್ತಾರೆ. ಬಿಸಿ ನೀರಿನಲ್ಲಿ ರಾಗಿಯ ಪಿಷ್ಟದ ಕಣಗಳು ನೀರನ್ನು ಹೀರಿ ಉಬ್ಬುತ್ತವೆ, ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಪುಡಿಯಾಗಿದ್ದ ಹಿಟ್ಟು ಉಂಡೆ ಕಟ್ಟಲು ಬರುವುದು ಇದರಿಂದಲೇ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಕ್ಕಿಯಲ್ಲಿರುವುದಕ್ಕಿಂತ ಇದು ಎಷ್ಟೋ ಪಟ್ಟು ಹೆಚ್ಚು. ನಿಮ್ಮ ಮೂಳೆ, ಹಲ್ಲುಗಳಿಗೆ ಇದು ಬೇಕು.

ಸಾರಿಗೆ ಅವರೆಕಾಳನ್ನೇ ಏಕೆ ಆರಿಸಿದೆವು? ಡಿಸೆಂಬರ್ ಅವರೆಯ ಕಾಲ. ಟೊಮ್ಯಾಟೊ ನಮ್ಮಲ್ಲೇ ಬೆಳೆಯುತ್ತದೆ. ಕೋಲಾರದ ಟೊಮ್ಯಾಟೊ ಮಾರುಕಟ್ಟೆ ಏಷ್ಯಾದ ದೊಡ್ಡ ಮಾರುಕಟ್ಟೆಗಳಲ್ಲಿ ಒಂದು. ಹಸಿ ಅವರೆಕಾಳಿನಲ್ಲಿ ನೀರಿನ ಅಂಶ ಇರುವುದರಿಂದ ಒಣಗಿದ ಕಾಳಿಗಿಂತ ಬೇಗ ಬೇಯುತ್ತದೆ, ಸೌದೆ ಉಳಿಯುತ್ತದೆ. ಆದರೆ ಅವರೆಕಾಳನ್ನು ಹಸಿಯಾಗಿ ತಿನ್ನಬಾರದು. ಅದರಲ್ಲಿ ಜೀರ್ಣಕ್ರಿಯೆಗೆ ತೊಂದರೆ ಕೊಡುವ ವಸ್ತುಗಳಿವೆ. ಚೆನ್ನಾಗಿ ಬೇಯಿಸಿದಾಗ ಅವು ತಮ್ಮ ಶಕ್ತಿ ಕಳೆದುಕೊಳ್ಳುತ್ತವೆ.

ಸೌದೆಯ ಲೆಕ್ಕ

ತಂಗುವ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಕೋಣೆ, ಗ್ಯಾಸ್ ಒಲೆ ಇದ್ದರೆ ಅನುಮತಿ ಪಡೆದು ಅದನ್ನೇ ಬಳಸುವುದು ಒಳ್ಳೆಯದು. ಇಲ್ಲದಿದ್ದರೆ ಮೂರು ಕಲ್ಲಿನ ಒಲೆ. ಅದಕ್ಕೆ ಎಷ್ಟು ಸೌದೆ ಬೇಕು?

ಒಂದು ಲೀಟರ್ ನೀರಿನ ಉಷ್ಣತೆಯನ್ನು 1 ಡಿಗ್ರಿ ಸೆಲ್ಸಿಯಸ್ ಹೆಚ್ಚಿಸಲು 1 ಕಿಲೋಕ್ಯಾಲರಿ ಶಾಖ ಬೇಕು. ನಮ್ಮ ಕೋಲಾರ ಸಮುದ್ರ ಮಟ್ಟಕ್ಕಿಂತ 800 ಮೀಟರ್‌ಗೂ ಹೆಚ್ಚು ಎತ್ತರದಲ್ಲಿದೆ. ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡ ಕಡಿಮೆಯಾಗಿ ನೀರು ಕಡಿಮೆ ಉಷ್ಣತೆಯಲ್ಲೇ ಕುದಿಯುತ್ತದೆ. ಆದ್ದರಿಂದ ಇಲ್ಲಿ ನೀರು 100 ಡಿಗ್ರಿಯ ಬದಲು ಸುಮಾರು 97 ಡಿಗ್ರಿಯಲ್ಲಿ ಕುದಿಯುತ್ತದೆ. 25 ಡಿಗ್ರಿಯಲ್ಲಿರುವ ನೀರು ಕುದಿಯಬೇಕಾದರೆ 72 ಡಿಗ್ರಿ ಏರಬೇಕು. ಮುದ್ದೆ, ಸಾರಿಗೆ 7 ಲೀಟರ್ ನೀರು. 7 × 72 = 504 ಕಿಲೋಕ್ಯಾಲರಿ.

ಒಂದು ಕೆ.ಜಿ. ಒಣ ಸೌದೆ ಉರಿದಾಗ ಸುಮಾರು 4000 ಕಿಲೋಕ್ಯಾಲರಿ ಶಾಖ ಸಿಗುತ್ತದೆ. ಆದರೆ ಮೂರು ಕಲ್ಲಿನ ಒಲೆಯಲ್ಲಿ ಪಾತ್ರೆಗೆ ತಲುಪುವುದು ಸುಮಾರು ಹತ್ತರಲ್ಲಿ ಒಂದು ಪಾಲು, ಅಂದರೆ 400 ಕಿಲೋಕ್ಯಾಲರಿ. ಉಳಿದದ್ದು ಗಾಳಿಗೆ ಹೋಗುತ್ತದೆ. ಆದ್ದರಿಂದ ನೀರು ಕುದಿಸುವುದಕ್ಕೇ ಒಂದೂಕಾಲು ಕೆ.ಜಿ. ಸೌದೆ ಬೇಕು. ಕಾಳು ಬೇಯಲು, ಬೆಳಗಿನ ಒಗ್ಗರಣೆಗೆ ಎಲ್ಲ ಸೇರಿ 4 ಕೆ.ಜಿ. ಇಟ್ಟುಕೊಂಡರೆ ಸಾಕಾಗುತ್ತದೆ. ಪಾತ್ರೆಗೆ ಮುಚ್ಚಳ ಮುಚ್ಚಿ, ಗಾಳಿ ಬೀಸುವ ಕಡೆ ಕಲ್ಲು ಅಡ್ಡ ಇಟ್ಟರೆ ಇನ್ನೂ ಉಳಿತಾಯ. ರೇಷ್ಮೆ ಸಾಕುವ ಮನೆಗಳಲ್ಲಿ ಸಿಗುವ ಒಣಗಿದ ಹಿಪ್ಪುನೇರಳೆ ಕಡ್ಡಿಗಳು ಚೆನ್ನಾಗಿ ಉರಿಯುತ್ತವೆ. ಸೌದೆಯನ್ನು ಮನೆಯಿಂದ ತನ್ನಿ. ಬೆಟ್ಟದ ಗಿಡಗಳನ್ನು ಕಡಿಯಬೇಡಿ.

ಬೆಟ್ಟದ ಮೇಲೆ ಒಲೆಯಿಲ್ಲ

ಬೆಟ್ಟದ ಮೇಲೆ ಒಲೆ ಹಚ್ಚಲೇಬಾರದು. ಮಳೆಗಾಲ ಮುಗಿದ ಮೇಲೆ ಅಲ್ಲಿನ ಹುಲ್ಲು ಒಣಗಿರುತ್ತದೆ. ಒಂದು ಕಿಡಿ ಸಾಕು, ಇಡೀ ಗುಡ್ಡ ಹೊತ್ತಿಕೊಳ್ಳುತ್ತದೆ. ಹಾಗಾದರೆ ಮಧ್ಯಾಹ್ನಕ್ಕೆ ಏನು? ಬೆಳಿಗ್ಗೆ 6 ಗಂಟೆಗೆ ಅನ್ನ ಮಾಡಿ ಕಟ್ಟಿಕೊಂಡು ಹೋಗಿ 2 ಗಂಟೆಗೆ ತಿಂದರಾಗದೇ?

ಇಲ್ಲೇ ಅಪಾಯ ಇರುವುದು. ಅಕ್ಕಿಯಲ್ಲಿ ಕೆಲವು ಬ್ಯಾಕ್ಟೀರಿಯಾಗಳ ಬೀಜಕಗಳು ಇರುತ್ತವೆ. ಬೀಜಕಗಳಿಗೆ ಗಟ್ಟಿಯಾದ ಕವಚ ಇರುವುದರಿಂದ ಕುದಿಯುವ ನೀರಿನಲ್ಲೂ ಸಾಯುವುದಿಲ್ಲ. ಅನ್ನ ಆರಿ ಬೆಚ್ಚಗಾದಾಗ ಅವು ಎಚ್ಚೆತ್ತು ಬೆಳೆಯತೊಡಗುತ್ತವೆ. ತೇವ, ಬೆಚ್ಚನೆ ಜಾಗ, ಪಿಷ್ಟ ಮೂರೂ ಡಬ್ಬಿಯೊಳಗಿವೆ. ಅನುಕೂಲ ಇದ್ದಾಗ ಒಂದು ಬ್ಯಾಕ್ಟೀರಿಯಾ 20 ನಿಮಿಷಕ್ಕೆ ಎರಡಾಗಬಲ್ಲದು. ಗಂಟೆಗೆ 8. ಹಾಗೇ ಎರಡೆರಡಾಗುತ್ತಾ ಹೋದರೆ 2 ಗಂಟೆಗೆ 64, 4 ಗಂಟೆಗೆ 4,096, 6 ಗಂಟೆಗೆ 2,62,144, 8 ಗಂಟೆಗೆ 1,67,77,216! ಇವುಗಳಲ್ಲಿ ಕೆಲವು ಬಿಡುವ ವಿಷವನ್ನು ಮತ್ತೆ ಬಿಸಿ ಮಾಡಿದರೂ ನಾಶ ಮಾಡಲಾಗದು. ಆದ್ದರಿಂದಲೇ ಮಾಡಿದ ಅಡುಗೆಯನ್ನು ಎರಡು ಗಂಟೆಯೊಳಗೆ ಊಟ ಮಾಡಿ ಮುಗಿಸಬೇಕು ಎನ್ನುವುದು. ಬೆಟ್ಟದ ಮೇಲೆ ಮಗುವಿಗೆ ವಾಂತಿ ಭೇದಿ ಶುರುವಾದರೆ ಆಸ್ಪತ್ರೆ ದೂರ, ಕುಡಿಯುವ ನೀರೂ ಕಡಿಮೆ. ನೆನಪಿರಲಿ.

ಸೂಕ್ಷ್ಮಜೀವಿಗಳನ್ನು ತಡೆಯುವ ಉಪಾಯಗಳು ನಮ್ಮ ಹಿರಿಯರಿಗೆ ಗೊತ್ತಿದ್ದವು. ಶ್ರೀನಿವಾಸಪುರದ ಮಾವು ಡಿಸೆಂಬರ್‌ನಲ್ಲಿ ಮರದಲ್ಲಿಲ್ಲ, ಆದರೆ ಉಪ್ಪಿನಕಾಯಿ ಜಾಡಿಯಲ್ಲಿದೆ. ಅದನ್ನು ಕಾಪಾಡಿದ್ದು ಉಪ್ಪು ಮತ್ತು ಹುಳಿ. ಹುರಿಹಿಟ್ಟನ್ನು ಕಾಪಾಡುವುದು ಅದರ ಒಣಗುಣ. ನೀರಿಲ್ಲದೆ ಯಾವ ಜೀವಿಯೂ ಬೆಳೆಯದು, ಬ್ಯಾಕ್ಟೀರಿಯಾ ಕೂಡ. ಶಿಬಿರದ ಲೆಕ್ಕ ನೀರಿನಿಂದ ಶುರುವಾಗಬೇಕು ಎನ್ನುವುದಕ್ಕೆ ಇದು ಇನ್ನೊಂದು ಕಾರಣ.

ಹುರಿಹಿಟ್ಟನ್ನು ಮಾಡುವುದನ್ನು ನೋಡಿದ್ದೀರಾ? ರಾಗಿಗೆ ಸ್ವಲ್ಪ ನೀರು ಅಥವಾ ಮಜ್ಜಿಗೆ ಚಿಮುಕಿಸಿ, ಕಾದ ಬಾಣಲೆಯಲ್ಲಿ ಹುರಿಯುತ್ತಾರೆ. ಕಾಳಿನ ಒಳಗಿನ ತೇವ ಆವಿಯಾಗಿ, ಹೊರಬರಲು ದಾರಿಯಿಲ್ಲದೆ ಒತ್ತಡ ಹೆಚ್ಚಿ, ಕಾಳು ಚಟಪಟ ಎಂದು ಅರಳುತ್ತದೆ. ಆ ಹೊತ್ತಿಗೆ ಒಳಗಿನ ಪಿಷ್ಟ ಬೆಂದಿರುತ್ತದೆ. ಅರಳನ್ನು ಬೀಸಿದರೆ ಹುರಿಹಿಟ್ಟು. ಮೊದಲೇ ಬೆಂದಿರುವುದರಿಂದ ಮತ್ತೆ ಒಲೆ ಬೇಡ. ಅವಲಕ್ಕಿ, ಕಡಲೆಪುರಿಯೂ ಹೀಗೆ ಮೊದಲೇ ಶಾಖ ಕಂಡ ಆಹಾರಗಳು.

ಈ ಉಪಾಯ ನಮ್ಮೊಬ್ಬರದೇ ಅಲ್ಲ. ಬಿಹಾರದಲ್ಲಿ ಹುರಿದ ಕಡಲೆಯ ಹಿಟ್ಟನ್ನು ಸತ್ತು ಎನ್ನುತ್ತಾರೆ, ಹೊಲಕ್ಕೆ ಹೋಗುವವರು ಅದನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಹೋಗುತ್ತಾರೆ. ಟಿಬೆಟ್‌ನಲ್ಲಿ ಹುರಿದ ಬಾರ್ಲಿ ಹಿಟ್ಟಿಗೆ ತ್ಸಾಂಪಾ ಎಂದು ಹೆಸರು. 4000 ಮೀಟರ್ ಎತ್ತರದಲ್ಲಿ ನೀರು ಸುಮಾರು 87 ಡಿಗ್ರಿಗೇ ಕುದಿಯುವುದರಿಂದ ಕಾಳು ಬೇಯುವುದು ತಡ, ಸೌದೆಯೂ ಅಪರೂಪ. ಒಮ್ಮೆ ಹುರಿದು ಬೀಸಿಟ್ಟುಕೊಂಡರೆ ಬಹಳ ದಿನ ಬರುತ್ತದೆ.

ಹೊಟ್ಟೆ ತುಂಬಿದರೆ ಸಾಕೇ?

ಉಂಡೆ ತಿಂದು ಬೆಟ್ಟ ಹತ್ತಲಾದೀತೇ ಎಂದು ಕೇಳಬಹುದು. ಅಳೆದೇ ನೋಡೋಣ. ನಮ್ಮ ರಾಜ್ಯದಲ್ಲಿ 2002ರಲ್ಲಿ ಆರಂಭವಾದ ಅಕ್ಷರ ದಾಸೋಹ ಬಿಸಿಯೂಟಕ್ಕೆ ಒಂದು ಅಳತೆ ಇದೆ. 6, 7ನೇ ತರಗತಿಯ ಒಂದು ಮಗುವಿಗೆ ಮಧ್ಯಾಹ್ನದ ಊಟದಿಂದ 700 ಕಿಲೋಕ್ಯಾಲರಿ ಶಕ್ತಿ, 20 ಗ್ರಾಂ ಪ್ರೋಟೀನ್ ಸಿಗಬೇಕು. ನಮ್ಮ ಬೆಟ್ಟದ ಊಟದಲ್ಲಿ ಒಬ್ಬರ ಪಾಲು ಹೀಗಿದೆ:

ಹುರಿಹಿಟ್ಟು 60 ಗ್ರಾಂ – 192 ಕಿಲೋಕ್ಯಾಲರಿ, ಪ್ರೋಟೀನ್ 4.2 ಗ್ರಾಂ
ಬೆಲ್ಲ 40 ಗ್ರಾಂ – 144 ಕಿಲೋಕ್ಯಾಲರಿ, ಪ್ರೋಟೀನ್ ಇಲ್ಲವೆನ್ನುವಷ್ಟು ಕಡಿಮೆ
ಕಡಲೆಬೀಜ 30 ಗ್ರಾಂ – 165 ಕಿಲೋಕ್ಯಾಲರಿ, ಪ್ರೋಟೀನ್ 7.2 ಗ್ರಾಂ
ಹುರಿಗಡಲೆ 30 ಗ್ರಾಂ – 111 ಕಿಲೋಕ್ಯಾಲರಿ, ಪ್ರೋಟೀನ್ 6.6 ಗ್ರಾಂ
ಸುಲಿದ ಬಾಳೆಹಣ್ಣು 80 ಗ್ರಾಂ – 88 ಕಿಲೋಕ್ಯಾಲರಿ, ಪ್ರೋಟೀನ್ 0.8 ಗ್ರಾಂ
ಒಟ್ಟು – 700 ಕಿಲೋಕ್ಯಾಲರಿ, ಪ್ರೋಟೀನ್ 18.8 ಗ್ರಾಂ

ಇವು ಸರಾಸರಿ ಅಂಕಿಗಳು. ಶಕ್ತಿ ಬಿಸಿಯೂಟಕ್ಕೆ ಸಮ. ಪ್ರೋಟೀನ್ ಸ್ವಲ್ಪವೇ ಕಡಿಮೆ. ತೂಕ? ಬಾಳೆಹಣ್ಣಿನ ಸಿಪ್ಪೆ ಸೇರಿ ಒಬ್ಬರಿಗೆ ಸುಮಾರು 280 ಗ್ರಾಂ. ಬೆಟ್ಟಕ್ಕೆ ಒಬ್ಬರು ಹೊತ್ತೊಯ್ಯಬೇಕಾದ ಒಂದೂವರೆ ಲೀಟರ್ ನೀರು ಇದರ ಐದು ಪಟ್ಟಿಗಿಂತ ಹೆಚ್ಚು. ಆಹಾರ ಹಗುರವಾದಷ್ಟೂ ನೀರಿಗೆ ಚೀಲದಲ್ಲಿ ಜಾಗ ಸಿಗುತ್ತದೆ.

ಉಂಡೆ ಕಟ್ಟುವ ಬಗೆ

ಹುರಿದ ಕಡಲೆಬೀಜದ ಸಿಪ್ಪೆ ತೆಗೆದು ಒರಳಿನಲ್ಲಿ ಕುಟ್ಟಿ. ಅದರಲ್ಲಿರುವ ಎಣ್ಣೆ ಬಿಟ್ಟುಕೊಂಡು ಅಂಟಾಗುತ್ತದೆ. ಬೆಲ್ಲವನ್ನು ಪುಡಿ ಮಾಡಿ ಸೇರಿಸಿ ಕುಟ್ಟಿ. ಹುರಿಹಿಟ್ಟು ಹಾಕಿ, ಎರಡು ಮೂರು ಚಮಚ ಬಿಸಿ ತುಪ್ಪ ಬಿಟ್ಟು ಕಲಸಿ. ಒಬ್ಬರಿಗೆ 3ರಂತೆ 30 ಉಂಡೆ ಕಟ್ಟಿ. ನೀರು ಸೇರಿಸಬೇಡಿ, ಒಣ ಕೈಯಿಂದಲೇ ಕಟ್ಟಿ. ಗಾಳಿಯಾಡದ ಡಬ್ಬಿಯಲ್ಲಿ ಇಡಿ. ಬೂಷ್ಟು ಹಿಡಿದ, ಕಪ್ಪಾದ, ಕಹಿಯಾದ ಕಡಲೆಬೀಜಗಳನ್ನು ಆರಿಸಿ ಎಸೆಯಿರಿ. ಬೂಷ್ಟಿನಲ್ಲಿ ಯಕೃತ್ತಿಗೆ ಹಾನಿ ಮಾಡುವ ವಿಷ ಇರಬಹುದು, ಹುರಿದರೂ ಅದು ಪೂರ್ತಿ ಹೋಗುವುದಿಲ್ಲ.

ಅಂತರಗಂಗೆಯಲ್ಲಿ ಕೋತಿಗಳು ಬಹಳ. ಡಬ್ಬಿಯನ್ನು ಚೀಲದೊಳಗೇ ಇಡಿ, ಕೈಯಲ್ಲಿ ಹಿಡಿದು ನಡೆಯಬೇಡಿ, ಕೋತಿಗಳಿಗೆ ತಿನ್ನಲು ಕೊಡಬೇಡಿ. ಬಾಳೆಹಣ್ಣಿನ ಸಿಪ್ಪೆಯನ್ನೂ ಬೆಟ್ಟದ ಮೇಲೆ ಬಿಡದೆ ಚೀಲದಲ್ಲಿ ವಾಪಸು ತನ್ನಿ.

ಮಾಡಿ ನೋಡಿ

1. ಒಂದು ಕೆ.ಜಿ. ಅವರೆಕಾಯಿ ಸುಲಿದು ಕಾಳನ್ನು ತೂಗಿ. ನಮ್ಮ ಪಟ್ಟಿಯ 800 ಗ್ರಾಂ ಕಾಳಿಗೆ ಎಷ್ಟು ಕೆ.ಜಿ. ಕಾಯಿ ಕೊಳ್ಳಬೇಕು?

2. ಎರಡು ಲೋಟಗಳಲ್ಲಿ ಒಂದೊಂದು ಚಮಚ ಹಸಿ ರಾಗಿ ಹಿಟ್ಟು, ಹುರಿಹಿಟ್ಟು ಹಾಕಿ ಅರ್ಧ ಲೋಟ ತಣ್ಣೀರು ಬೆರೆಸಿ. ಹತ್ತು ನಿಮಿಷ ಬಿಡಿ. ಯಾವುದು ತಳಕ್ಕೆ ಕೂರುತ್ತದೆ? ಯಾವುದು ಮಂದವಾಗುತ್ತದೆ? ಏಕೆ?

3. ಎರಡು ಬಟ್ಟಲುಗಳಲ್ಲಿ ಒಂದೊಂದು ತುತ್ತು ಅನ್ನ ಮತ್ತು ಅವಲಕ್ಕಿ (ನೆನೆಸದೆ) ಇಟ್ಟು ಮುಚ್ಚಿ. ಮೂರು ದಿನ ದೂರದಿಂದ ಗಮನಿಸಿ ಬರೆಯಿರಿ. ಮುಟ್ಟಬೇಡಿ, ಮೂಸಬೇಡಿ. ಕೊನೆಗೆ ಮಣ್ಣಿನಲ್ಲಿ ಹೂತು ಕೈ ತೊಳೆಯಿರಿ.

4. ನಿಮ್ಮ ಮನೆಯಲ್ಲಿ ಒಂದು ಊಟಕ್ಕೆ ಪಾತ್ರೆ, ತಟ್ಟೆ ತೊಳೆಯಲು ಎಷ್ಟು ಬಿಂದಿಗೆ ನೀರು ಬೇಕಾಗುತ್ತದೆ ಎಂದು ಎಣಿಸಿ. ಬಿಂದಿಗೆಯ ಅಳತೆಯನ್ನು ಲೀಟರಿನಲ್ಲಿ ಕಂಡುಹಿಡಿಯಿರಿ.

ಪ್ರಶ್ನೆಗಳು

1. ಬೆಟ್ಟದ ಊಟದಲ್ಲಿ ಪ್ರೋಟೀನ್ 20 ಗ್ರಾಂ ಆಗಬೇಕಾದರೆ ಹುರಿಗಡಲೆಯನ್ನು ಎಷ್ಟು ಹೆಚ್ಚಿಸಬೇಕು?
2. ನಿಮ್ಮ ತಂಡದಲ್ಲಿ 25 ಜನರಿದ್ದಾರೆ. ಎಲೆಯಲ್ಲಿ ಊಟ ಮಾಡುತ್ತೀರಿ. ಒಟ್ಟು ನೀರೆಷ್ಟು? ಶುದ್ಧ ನೀರಿನ ಕ್ಯಾನ್‌ಗಳೆಷ್ಟು?
3. ಕುದಿಸಿದ ನೀರು ಸುರಕ್ಷಿತ ಎನ್ನುವ ಮಾತು ಯಾವುದಕ್ಕೆ ನಿಜ, ಯಾವುದಕ್ಕೆ ನಿಜವಲ್ಲ?
4. ಇದೇ ಶಿಬಿರ ಏಪ್ರಿಲ್ ತಿಂಗಳಿನಲ್ಲಿ ನಡೆದರೆ ಪಟ್ಟಿಯಲ್ಲಿ ಏನೇನು ಬದಲಾಗಬೇಕು?

ಶಿಕ್ಷಕರ ಗಮನಕ್ಕೆ

ಕಡಲೆಬೀಜ ಕೆಲವು ಮಕ್ಕಳಿಗೆ ಒಗ್ಗುವುದಿಲ್ಲ. ಹೊರಡುವ ಮೊದಲೇ ಪೋಷಕರನ್ನು ಕೇಳಿ ತಿಳಿದುಕೊಳ್ಳಿ. ಅಂಥವರಿಗೆ ಕಡಲೆಬೀಜ ಬೆರೆಸದ ಉಂಡೆಯನ್ನು ಬೇರೆ ಒರಳಿನಲ್ಲಿ ಮಾಡಿಸಿ ಬೇರೆ ಡಬ್ಬಿಯಲ್ಲಿಡಿ. ಅವರ ಪಾಲಿನ ಅವಲಕ್ಕಿಗೂ ಸಂಜೆಯ ಪುರಿಗೂ ಕಡಲೆಬೀಜ, ಕಡಲೆಕಾಯಿ ಎಣ್ಣೆ ತಾಗದಂತೆ ನೋಡಿಕೊಳ್ಳಿ. ಒಲೆಯ ಕೆಲಸ, ಮುದ್ದೆ ತಿರುವುವುದು ದೊಡ್ಡವರದು. ಕಾಳು ಸುಲಿಯುವುದು, ತೂಗುವುದು, ನೀರು ಅಳೆಯುವುದು, ಲೆಕ್ಕ ಬರೆಯುವುದು ಮಕ್ಕಳದು. ಬೆಟ್ಟ ಹತ್ತಲು ಅರಣ್ಯ ಇಲಾಖೆಯ ಅನುಮತಿ ಬೇಕೇ ಎಂದು ಮೊದಲೇ ವಿಚಾರಿಸಿ. ಊರಿನ ಕೊಳವೆ ಬಾವಿಯ ನೀರಿನ ಪರೀಕ್ಷೆಯ ವರದಿ ಗ್ರಾಮ ಪಂಚಾಯಿತಿಯಲ್ಲಿ ಇದ್ದರೆ ಅದನ್ನು ತರಗತಿಗೆ ತಂದು ಫ್ಲೋರೈಡ್‌ನ ಅಂಕಿಯನ್ನು ಮಕ್ಕಳಿಗೆ ತೋರಿಸಿ. ಶಿಬಿರ ಮುಗಿದ ಮೇಲೆ ಮೊದಲು ಹಾಕಿದ ನೀರಿನ ಲೆಕ್ಕ, ನಿಜವಾಗಿ ಖರ್ಚಾದ ನೀರು ಎರಡನ್ನೂ ಕಪ್ಪುಹಲಗೆಯ ಮೇಲೆ ಅಕ್ಕಪಕ್ಕ ಬರೆಸಿ. ಎಲ್ಲಿ ಹೆಚ್ಚಾಯಿತು, ಎಲ್ಲಿ ಉಳಿಯಿತು ಎಂದು ಮಕ್ಕಳೇ ಕಂಡುಕೊಳ್ಳಲಿ.